ಅಳತೆ ಪುಸ್ತಕ

ಗೋಣಿಕೊಪ್ಪದ ಹಳೆ ಬಸ್‌ಸ್ಟ್ಯಾಂಡಿನ ಹಿಂದೆ
ಮೆಟ್ಟಿಲ ಕೆಳಗಿನ ಅಂಗಡಿ ನನ್ನದು, ಕುಂಞಾಲಿ ಟೈಲರ್.
ಕುಡಿದವನಲ್ಲ ನಾನು. ಆದರೆ ಮೂವತ್ತು ವರ್ಷದಿಂದ
ಕುಡಿಯುವವರ ನಡು ಅಳೆದಿದ್ದೇನೆ.
ಉಸಿರು ಹಿಡಿಯಬೇಡಿ ಅಂದರೂ ಹಿಡಿಯುತ್ತಾರೆ.
ಟೇಪು ಕಾಯುತ್ತದೆ. ಎಷ್ಟು ಹೊತ್ತು ಹಿಡಿದಾರು?

ಹವಾಲ್ದಾರ್ ಬೆಳ್ಯಪ್ಪ ಪಟ್ಟಾಳ ಬಿಟ್ಟು ಬಂದ ವರ್ಷ
ಮೂವತ್ತೆರಡು. ಮಸಿಪೆನ್ನಿನ ಬರಹ, ಇನ್ನೂ ಇದೆ.
ಕುಪ್ಯದ ಮೇಲೆ ಕೆಂಪು ಚೇಲೆ ಸುತ್ತಿದಷ್ಟೂ ಸುತ್ತಿ
ತುದಿ ಇಳಿಬಿಡಲು ಮೊಳ ಉಳಿಯುತ್ತಿತ್ತು.
ಮೂವತ್ತನಾಲ್ಕು: "ಮನೆ ಊಟ, ಕುಂಞಾಲಿ."
ಮೂವತ್ತಾರು: "ಕೂತು ತಿನ್ನುವ ಕಾಲ."
ಮೂವತ್ತೊಂಬತ್ತಕ್ಕೆ ಏನೂ ಹೇಳಲಿಲ್ಲ,
ಕ್ಯಾಂಟೀನಿನ ಚೀಲವನ್ನು ಬೆಂಚಿನ ಕೆಳಗೆ ಸರಿಸಿದ;
ಒಳಗೆ ಗಾಜಿಗೆ ಗಾಜು ತಾಗಿ ಉತ್ತರ ಕೊಟ್ಟಿತು.

ರಮ್ಮಿನಲ್ಲಿ ಕೊಬ್ಬಿಲ್ಲ ಎಂಬುದು ಅವನ ವಾದ.
ಇರಲಿಕ್ಕಿಲ್ಲ.
ಆದರೆ ಗ್ಲಾಸು ಒಂಟಿಯಾಗಿ ಯಾರ ಮನೆಗೂ ಬರುವುದಿಲ್ಲ.
ಹುರಿದ ಪಂದಿಯನ್ನು ಕರೆಯುತ್ತದೆ, ತನ್ನ ತಮ್ಮನನ್ನು ಕರೆಯುತ್ತದೆ,
ರಾತ್ರಿ ಹತ್ತೂವರೆಗೆ ಒಂದು ಸುಳ್ಳು ಹಸಿವನ್ನು ಎಬ್ಬಿಸಿ
ಚೋಂದಮ್ಮ ಮುಚ್ಚಿಟ್ಟ ಕಡುಂಬುಟ್ಟಿನ ಪಾತ್ರೆ ತೆರೆಸುತ್ತದೆ.
ಪೊನ್ನಂಪೇಟೆಯ ಕಾಂಪೌಂಡರ್ ಹೇಳುತ್ತಿದ್ದ:
ಮೈ ಮೊದಲು ರಮ್ಮಿನ ಲೆಕ್ಕ ತೀರಿಸುತ್ತದೆ,
ಊಟ ಅಲ್ಲಿಯ ತನಕ ಸಾಲಿನಲ್ಲಿ ನಿಂತು ನಿಂತು
ನಡುವಿನ ಹತ್ತಿರವೇ ಕೂತುಬಿಡುತ್ತದೆ.

ಬಿಗಿಯಾದ ಪ್ಯಾಂಟು ಚಾತನಿಗೆ ಹೋಗುತ್ತಿತ್ತು,
ಬೆಳ್ಯಪ್ಪನ ತೋಟದಲ್ಲಿ ಮೆಣಸು ಕೊಯ್ಯುವವನಿಗೆ.
ಅವನೂ ಕುಡಿಯುತ್ತಾನೆ. ರಟ್ಟಿನ ಪಾಕೀಟು,
ನಂಜಿಕೊಳ್ಳಲು ಬೆರಳಿಗೆ ಅಂಟಿದಷ್ಟು ಉಪ್ಪಿನಕಾಯಿ.
ಅವನಿಗದು ಊಟದ ಜೊತೆ ಬರುವುದಲ್ಲ,
ಊಟದ ಜಾಗಕ್ಕೆ ಬರುವುದು.
ಮೂವತ್ತಾರನ್ನು ಇಪ್ಪತ್ತೇಳಕ್ಕೆ ಇಳಿಸಿ ಕೊಡಿ ಅಂದ.
ಇಳಿಸಿದೆ. ಹಿಂದಿನ ಜೇಬೆರಡೂ ಒಂದಕ್ಕೊಂದು ಮುತ್ತಿಟ್ಟವು.
ಉಳಿದ ಖಾಕಿ ತುಂಡನ್ನು ಎಸೆಯಲು ಮನಸ್ಸಾಗದೆ
ಬೆಳ್ಯಪ್ಪನ ಇನ್ನೊಂದು ಪ್ಯಾಂಟಿನ ಹಿಂಬದಿಗೆ
ಮುಕ್ಕೋನ ಕತ್ತರಿಸಿ ಸೇರಿಸಿದೆ.
ಇಬ್ಬರಿಗೂ ಹೇಳಲಿಲ್ಲ.

ಹೋದ ಕೈಲ್ ಪೊಳ್ದ್‌ಗೆ ಬಂದಾಗ ರಸ್ತೆಯಲ್ಲಿ ಎಲ್ಲರದೂ ಒಂದೇ ಮಾತು,
"ಇಳಿದಿದ್ದೀರಲ್ಲ, ವಾಕಿಂಗಾ?"
ಕೆನ್ನೆ ನೋಡಿ ಆಡಿದ ಮಾತು. ಟೇಪಿಗೆ ದಾಕ್ಷಿಣ್ಯವಿಲ್ಲ.
ತೋಳು ಹದಿನಾಲ್ಕಿದ್ದದ್ದು ಹತ್ತು.
ಭುಜ ಹ್ಯಾಂಗರಿನ ಹಾಗೆ.
ನಡು ನಲವತ್ತನಾಲ್ಕು, ದುಡಿಯ ಚರ್ಮದಷ್ಟು ಬಿಗಿ.
ಒಂದೇ ಕುಪ್ಯ: ತೋಳು ಹಿಡಿಯಬೇಕು, ಹೊಟ್ಟೆ ಬಿಡಬೇಕು.
ಇಂಥ ಹೊಲಿಗೆ ಈವರೆಗೆ ನಾಲ್ಕು ಮಾಡಿದ್ದೇನೆ,
ನಾಲ್ಕು ಪುಟಕ್ಕೂ ಆಮೇಲೆ ಹೊಸ ಅಂಕಿ ಬರಲಿಲ್ಲ.
"ತೂಕ ಒಂದು ಕಿಲೋ ಕೂಡ ಇಳಿದಿಲ್ಲ ನೋಡು," ಹೆಮ್ಮೆ ಅವನಿಗೆ.
"ಅದು ನೀರು, ಬೆಳ್ಯಪ್ಪ. ಮೈಯಲ್ಲ. ಮೈಸೂರಿಗೆ ಹೋಗು."
ಬಟ್ಟೆ ಬಿಟ್ಟು ಹೋದ.
ಬೈದು ಹೋದ ಅಂದರೂ ಸರಿಯೇ.

ಕಾಫಿಗೆ ಹೂಮಳೆ ಬಿದ್ದ ವಾರ ಚೋಂದಮ್ಮ ಬಂದರು,
ಕೈಯಲ್ಲಿ ಬಿಳಿ ಕುಪ್ಯ.
ಬಿಳಿಯದು ಮದುವೆಗೊಮ್ಮೆ, ಕಡೆಗೊಮ್ಮೆ.
ಕತ್ತರಿ ಕೆಳಗಿಟ್ಟೆ. ಕೇಳಲು ಬಾಯಿ ಬರಲಿಲ್ಲ.
"ಅಯ್ಯೋ, ಅದಲ್ಲ," ಅವರಿಗೇ ನಗು ಬಂತು.
"ಆರು ತಿಂಗಳಾಯಿತು ಮುಟ್ಟದೆ. ಮೈಸೂರಲ್ಲಿ ನೀರು ತೆಗೆದರು.
ಈಗ ಮದುವೆಯ ಕುಪ್ಯ ಹಾಕಿ ನೋಡಬೇಕಂತೆ. ಹುಚ್ಚು."
ಹಿಂದೆ ಬಾಗಿಲು ಹಿಡಿದು ಅವನು ನಿಂತಿದ್ದ,
ಬೈಗುಳದ ನೆನಪಿಗೆ ತಲೆ ತಗ್ಗಿಸಿ.
ಈ ಸಲ ಉಸಿರು ಹಿಡಿಯಲಿಲ್ಲ.
ಮೂವತ್ತೈದು.
ಹಳೆಯ ಕಾಲದ ಯಾವನೋ ದರ್ಜಿ
ಒಳಮಡಿಕೆಯಲ್ಲಿ ಬಟ್ಟೆ ಉಳಿಸಿದ್ದ, ಪುಣ್ಯಾತ್ಮ.

ಅಂಕಿಯನ್ನು ಪೆನ್ಸಿಲಿನಲ್ಲಿ ಬರೆದೆ.
ಪುಸ್ತಕ ಮುಚ್ಚುವಾಗ ಹೊಳೆಯಿತು,
ಇಷ್ಟು ವರ್ಷ ಚಾತನಿಗೊಂದು ಪುಟ ಇಟ್ಟೇ ಇಲ್ಲ;
ಯಾರದೋ ಅಳತೆಯನ್ನು ಕಳೆಯುತ್ತಾ ಬಂದೆ, ಅಷ್ಟೆ.
ಹೊಸ ಹಾಳೆಯ ನೆತ್ತಿಯಲ್ಲಿ ಅವನ ಹೆಸರು ಬರೆದಿಟ್ಟೆ.
ಅಂಕಿಗೆ ಅವನೇ ಬರಬೇಕು.
ಎರಡು ಶನಿವಾರವಾಯಿತು, ಈ ಕಡೆ ಕಂಡಿಲ್ಲ.